ಬೀಳ್ಕೊಡುವ ದಿನ ಮನಸ್ಸಿನಲ್ಲಿ ಏನು ನಡೆಯುತ್ತದೆ?

ಜರ್ಮನಿಯ ಸಂಸತ್ತು ಮತ್ತು ಅಮೆರಿಕದ ಕಾಂಗ್ರೆಸ್ 1983ರಲ್ಲಿ ಜೊತೆಗೂಡಿ ಒಂದು ವಿದ್ಯಾರ್ಥಿ ವಿನಿಮಯ ಕಾರ್ಯಕ್ರಮ ಆರಂಭಿಸಿದವು. ಹೈಸ್ಕೂಲು ವಯಸ್ಸಿನ ಜರ್ಮನ್ ಮಕ್ಕಳು ಬೇಸಿಗೆಯ ಕೊನೆಗೆ ಅಮೆರಿಕಕ್ಕೆ ಬರುತ್ತಾರೆ, ಗುರುತು ಪರಿಚಯವಿಲ್ಲದ ಒಂದು ಮನೆಯಲ್ಲಿ ಇದ್ದುಕೊಂಡು ಅಲ್ಲಿಯ ಶಾಲೆಯಲ್ಲಿ ಒಂದು ಶಾಲಾ ವರ್ಷ ಓದುತ್ತಾರೆ, ಮುಂದಿನ ಬೇಸಿಗೆಗೆ ಊರಿಗೆ ಮರಳುತ್ತಾರೆ. ಮನೆಯಲ್ಲಿ ಇರಿಸಿಕೊಂಡ ಕುಟುಂಬ ಅದಕ್ಕೆ ಹಣ ಪಡೆಯುವುದಿಲ್ಲ. ಇಂಥ ಏರ್ಪಾಡಿಗೆ ಇನ್ನೂ ಹಳೆಯ ಬೇರಿದೆ. ಮಹಾಯುದ್ಧಗಳಲ್ಲಿ ಗಾಯಾಳುಗಳನ್ನು ಸಾಗಿಸಿದ ಅಮೆರಿಕದ ಸ್ವಯಂಸೇವಕ ಆಂಬುಲೆನ್ಸ್ ಚಾಲಕರ ಸಂಘಟನೆ ಎಎಫ್‌ಎಸ್, ಯುದ್ಧ ಮುಗಿದ ಮೇಲೆ 1947ರಲ್ಲಿ ಶಾಲಾ ಮಕ್ಕಳ ವಿನಿಮಯಕ್ಕೆ ಕೈಹಾಕಿತು. ಬೇರೆ ಬೇರೆ ದೇಶದವರು ಒಂದೇ ಮೇಜಿನಲ್ಲಿ ಕೂತು ಉಂಡರೆ ದ್ವೇಷ ಕರಗೀತು ಎಂಬ ನಂಬಿಕೆ ಅದರ ಹಿಂದಿತ್ತು. ಮಗು ಮನೆಗೆ ಬರುವ ಮೊದಲ ದಿನಕ್ಕೆ ಎಲ್ಲರೂ ತಯಾರಿ ಮಾಡಿಕೊಳ್ಳುತ್ತಾರೆ. ಮನೆ ಬಿಡುವ ಕೊನೆಯ ದಿನವನ್ನು ಮಾತ್ರ ಕಣ್ಣೀರು, ಫೋಟೊ, ಸೂಟ್‌ಕೇಸುಗಳ ಪಾಲಿಗೆ ಬಿಟ್ಟುಬಿಡುವುದು ಸುಲಭ. ಆ ದಿನವನ್ನು ಹಾಗೆ ಬಿಡಬಾರದು, ಅದಕ್ಕೊಂದು ಕೆಲಸವಿದೆ, ಆ ಕೆಲಸ ಏನೆಂಬುದನ್ನು ಮನೋವಿಜ್ಞಾನ ಈಗ ಸಾಕಷ್ಟು ಸ್ಪಷ್ಟವಾಗಿ ಹೇಳಬಲ್ಲದು ಎಂಬುದು ನನ್ನ ವಾದ.

ಹತ್ತು ತಿಂಗಳಲ್ಲಿ ಹುಟ್ಟಿದ ನಂಟು ಅಷ್ಟೊಂದು ಗಟ್ಟಿಯಾಗಿರಲು ಸಾಧ್ಯವೇ ಎಂದು ಕೇಳುವವರಿದ್ದಾರೆ. ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಸ್ನೇಹಕ್ಕೆ ಎಷ್ಟು ಹೊತ್ತು ಬೇಕೆಂದು ಲೆಕ್ಕ ಹಾಕಿದವರು. ಅವರ ಅಂದಾಜಿನಂತೆ, ಸುಮಾರು 50 ಗಂಟೆ ಜೊತೆಯಲ್ಲಿ ಕಳೆದರೆ ಪರಿಚಯ ಸಾಧಾರಣ ಸ್ನೇಹವಾಗುತ್ತದೆ; ಆಪ್ತ ಸ್ನೇಹಕ್ಕೆ 200 ಗಂಟೆಗೂ ಹೆಚ್ಚು ಬೇಕು. ವಿನಿಮಯದ ಮಗು ಮನೆಯವರ ಜೊತೆ ದಿನಕ್ಕೆ ಮೂರು ಗಂಟೆ ಕಳೆಯುತ್ತದೆ ಎಂದುಕೊಂಡರೂ ಹತ್ತು ತಿಂಗಳಿಗೆ 900 ಗಂಟೆಯಾಗುತ್ತದೆ. ಅದೂ ಎಂಥ ಗಂಟೆಗಳು? ಬೆಳಗಿನ ಗಡಿಬಿಡಿ, ಜ್ವರ ಬಂದ ರಾತ್ರಿ, ಪಾತ್ರೆ ತೊಳೆಯುವ ಸರದಿಗೆ ನಡೆದ ಜಗಳ. ಹಾಗಾಗಿ ಆ ಮನೆಯ ಹೆಂಗಸನ್ನು ಅಮ್ಮ ಎಂದು ಕರೆಯುವ ಹುಡುಗಿಯ ಮಾತನ್ನು ಬರಿಯ ಭಾವಾವೇಶವೆಂದು ತಳ್ಳಿಹಾಕಲಾಗದು.

ಕೊನೆಯ ದಿನದ ಮಹತ್ವ ಕೇಳಿದರೆ ಬಹಳ ಮಂದಿ ಮನೋವಿಜ್ಞಾನಿ ಡೇನಿಯಲ್ ಕಾನ್ಮನ್ ಅವರ ಹೆಸರು ಹೇಳುತ್ತಾರೆ. 1993ರಲ್ಲಿ ಪ್ರಕಟವಾದ ಅವರ ಪ್ರಯೋಗ ನಿಜಕ್ಕೂ ಚೆನ್ನಾಗಿದೆ. ಭಾಗವಹಿಸಿದವರು ಒಮ್ಮೆ 14 ಡಿಗ್ರಿ ಸೆಲ್ಸಿಯಸ್‌ನ ತಣ್ಣೀರಿನಲ್ಲಿ 60 ಸೆಕೆಂಡು ಕೈಯಿಟ್ಟರು. ಇನ್ನೊಮ್ಮೆ ಅದೇ 60 ಸೆಕೆಂಡಿನ ನಂತರ ಇನ್ನೂ 30 ಸೆಕೆಂಡು ಕೈ ನೀರಿನಲ್ಲೇ ಇತ್ತು. ಆದರೆ ಅಷ್ಟರಲ್ಲಿ ನೀರು ನಿಧಾನವಾಗಿ 15 ಡಿಗ್ರಿಗೆ ಏರುತ್ತಿತ್ತು. ಮತ್ತೊಮ್ಮೆ ಮಾಡುವುದಾದರೆ ಯಾವುದು ಎಂದು ಕೇಳಿದಾಗ ಹೆಚ್ಚಿನವರು ಆರಿಸಿದ್ದು ಉದ್ದನೆಯ ಸಂಕಟವನ್ನೇ, ಯಾಕೆಂದರೆ ಅದರ ಕೊನೆ ಕೊಂಚ ಹಿತವಾಗಿತ್ತು. ಅನುಭವದ ತುತ್ತತುದಿ ಮತ್ತು ಅದರ ಕೊನೆ, ಇವೆರಡನ್ನೇ ನೆನಪು ತೂಗುತ್ತದೆ ಎಂಬ ತೀರ್ಮಾನ ಅಲ್ಲಿಂದ ಬಂತು. ಇದನ್ನೇ ಹಿಡಿದು, ಕೊನೆಯ ದಿನ ಚೆಂದವಾದರೆ ಇಡೀ ವರ್ಷದ ನೆನಪು ಚೆಂದವಾಗುತ್ತದೆ ಎಂದುಬಿಡುತ್ತಾರೆ.

ಈ ವಿವರಣೆ ಇಲ್ಲಿಗೆ ಒಪ್ಪುವುದಿಲ್ಲ. ಒಂದೂವರೆ ನಿಮಿಷದ ತಣ್ಣೀರಿಗೂ ಒಂದು ವರ್ಷದ ಬದುಕಿಗೂ ಬಹಳ ಅಂತರವಿದೆ. ನ್ಯೂಜಿಲೆಂಡಿನ ಸೈಮನ್ ಕೆಂಪ್ ಮತ್ತು ಸಂಗಡಿಗರು 2008ರಲ್ಲಿ ವಿದ್ಯಾರ್ಥಿಗಳ ರಜಾಪ್ರವಾಸದ ನೆನಪನ್ನು ಪರೀಕ್ಷಿಸಿದಾಗ, ತುದಿ ಮತ್ತು ಕೊನೆಯ ಲೆಕ್ಕ ಅಷ್ಟೇನೂ ಚೆನ್ನಾಗಿ ಹೊಂದಲಿಲ್ಲ. ಪ್ರವಾಸದ ಒಟ್ಟು ನೆನಪನ್ನು ಅದಕ್ಕಿಂತ ಚೆನ್ನಾಗಿ ಸೂಚಿಸಿದ್ದು ಅತ್ಯಂತ ಮರೆಯಲಾಗದ 24 ಗಂಟೆಗಳು, ಅವು ನಡುವಿನಲ್ಲಿ ಎಲ್ಲಿಯಾದರೂ ಬರಬಹುದು. ಹಾಗಿದ್ದರೆ ವಿಮಾನ ನಿಲ್ದಾಣದ ದಾರಿಯಲ್ಲಿ ಒಂದು ಸಿಡುಕು ಮಾತು ಬಂದ ಮಾತ್ರಕ್ಕೆ ವರ್ಷವೇನೂ ಹಾಳಾಗುವುದಿಲ್ಲ. ಬೀಳ್ಕೊಡುವವರಿಗೆ ಇದು ಸಮಾಧಾನದ ಸಂಗತಿ.

ಹಾಗಾದರೆ ಕೊನೆಯ ದಿನ ಯಾವುದಕ್ಕೆ ಬೇಕು? ಮೊದಲ ಉತ್ತರ ಗಮನದ್ದು. ಮುಗಿಯುತ್ತಿದೆ ಎಂಬ ಅರಿವು ಬಂದ ಕೂಡಲೇ ಮನುಷ್ಯ ನೋಡುವ ರೀತಿಯೇ ಬದಲಾಗುತ್ತದೆ. ಸಮಯ ಕಡಿಮೆ ಅನ್ನಿಸಿದಾಗ ಜನ ಹೊಸ ಪರಿಚಯಗಳನ್ನು ಬಿಟ್ಟು, ತಮಗೆ ನಿಜವಾಗಿ ಬೇಕಾದವರ ಕಡೆ ತಿರುಗುತ್ತಾರೆ ಎಂಬುದನ್ನು ಸ್ಟ್ಯಾನ್‌ಫರ್ಡ್‌ನ ಲಾರಾ ಕಾರ್ಸ್ಟೆನ್ಸನ್ ದಶಕಗಳಿಂದ ತೋರಿಸುತ್ತ ಬಂದಿದ್ದಾರೆ. ಅವರ ತಂಡ ಪದವಿ ಪ್ರದಾನದ ದಿನವೇ ವಿದ್ಯಾರ್ಥಿಗಳನ್ನು ಮಾತಾಡಿಸಿತು. ಇದು ವಿದ್ಯಾರ್ಥಿಯಾಗಿ ನಿಮ್ಮ ಕೊನೆಯ ದಿನ ಎಂದು ನೆನಪಿಸಿದಾಗ ಅವರಲ್ಲಿ ಸಂತೋಷ ಹೋಗಿ ದುಃಖ ಬರಲಿಲ್ಲ. ಸಂತೋಷ ಇದ್ದಲ್ಲೇ ಇತ್ತು, ಅದರ ಪಕ್ಕದಲ್ಲಿ ದುಃಖವೂ ಬಂದು ಕೂತಿತು. ಅಂದಮೇಲೆ ಹೊರಡುವ ಹುಡುಗ ನಗುತ್ತಲೇ ಅಳುತ್ತಿದ್ದರೆ ಅವನ ಮನಸ್ಸು ಸರಿಯಾಗಿಯೇ ಕೆಲಸ ಮಾಡುತ್ತಿದೆ ಎಂದರ್ಥ. ಅವನನ್ನು ಸುಮ್ಮನಾಗಿಸುವ ಅಗತ್ಯವಿಲ್ಲ.

ಈ ಅರಿವನ್ನು ಮುಂಚೆಯೇ ತರಿಸಿಕೊಂಡರೂ ಲಾಭವಿದೆ. 2008ರಲ್ಲಿ ಪ್ರಕಟವಾದ ಜೇಮಿ ಕರ್ಟ್ಜ್ ಅವರ ಪ್ರಯೋಗದಲ್ಲಿ ಕಾಲೇಜು ಮುಗಿಯಲು ಎಲ್ಲರಿಗೂ ಉಳಿದಿದ್ದದ್ದು ಸುಮಾರು ಆರು ವಾರ. ಅಷ್ಟೇ ಸಮಯವನ್ನು ಕೆಲವರಿಗೆ ಬಹಳ ಕಡಿಮೆ ಎಂದು ಅನ್ನಿಸುವಂತೆ, ಇನ್ನು ಕೆಲವರಿಗೆ ಬೇಕಾದಷ್ಟಿದೆ ಎಂದು ಅನ್ನಿಸುವಂತೆ ಹೇಳಿ ಬರೆಯಿಸಿದರು. ಎರಡು ವಾರದ ನಂತರ ನೋಡಿದರೆ, ಕಡಿಮೆ ಎಂದು ಯೋಚಿಸಿದವರೇ ಹೆಚ್ಚು ಖುಷಿಯಾಗಿದ್ದರು, ಕಾಲೇಜಿನ ಬದುಕಿನಲ್ಲಿ ಹೆಚ್ಚು ತೊಡಗಿಕೊಂಡಿದ್ದರು. ಹೊರಡುವ ಮಾತು ಎತ್ತಿದರೆ ಮಗುವಿಗೆ ಬೇಸರವಾದೀತು ಎಂದು ಕೊನೆಯ ತಿಂಗಳಿಡೀ ಬಾಯಿ ಕಟ್ಟಿಕೊಳ್ಳುವ ಕುಟುಂಬಗಳು ಇದನ್ನು ಗಮನಿಸಬೇಕು.

ಎರಡನೆಯ ಉತ್ತರ, ನನ್ನ ಮಟ್ಟಿಗೆ ಹೆಚ್ಚು ಮುಖ್ಯವಾದದ್ದು, ಪೂರ್ಣತೆಯದ್ದು. ಗೇಬ್ರಿಯೆಲ್ ಓಟಿಂಗೆನ್ ಅವರೂ ಇದ್ದ ಹ್ಯಾಂಬರ್ಗ್ ಮತ್ತು ನ್ಯೂಯಾರ್ಕ್‌ನ ಸಂಶೋಧಕರ ತಂಡ 2020ರಲ್ಲಿ ಬದುಕಿನ ಘಟ್ಟಗಳು ಮುಗಿಯುವ ಬಗೆಯನ್ನು ಹಲವು ಅಧ್ಯಯನಗಳಲ್ಲಿ ಪರಿಶೀಲಿಸಿತು. ಮಾಡಬೇಕಾದ್ದನ್ನೆಲ್ಲ ಮಾಡಿದೆ, ಹೇಳಬೇಕಾದ್ದು ಬಾಕಿ ಉಳಿದಿಲ್ಲ ಎಂಬ ಭಾವದಲ್ಲಿ ಘಟ್ಟ ಮುಗಿಸಿದವರಿಗೆ ಪಶ್ಚಾತ್ತಾಪ ಕಡಿಮೆಯಿತ್ತು, ಮುಂದಿನ ಘಟ್ಟಕ್ಕೆ ಕಾಲಿಡುವುದು ಸುಲಭವಾಗಿತ್ತು. ವಿನಿಮಯದ ಮಕ್ಕಳಿಗೆ ಮುಂದಿನ ಘಟ್ಟವೆಂದರೆ ಸ್ವಂತ ಊರು, ಅದೇನೂ ಸಲೀಸಲ್ಲ. ಮರಳಿದವರೂ ಹೊಸದಾಗಿ ಹೊಂದಿಕೊಳ್ಳುವ ಸಂಕಟ ಪಡುತ್ತಾರೆ ಎಂದು ಅಮೆರಿಕದ ಗುಲ್ಲಾಹಾರ್ನ್ ದಂಪತಿ 1963ರಲ್ಲೇ ಬರೆದಿದ್ದರು. ಬಿಟ್ಟುಬಂದ ಮನೆಯಲ್ಲಿ ಕೇಳದೆ ಉಳಿದ ಕ್ಷಮೆ, ಹೇಳದೆ ಉಳಿದ ಕೃತಜ್ಞತೆ ಜೊತೆಗಿದ್ದರೆ ಆ ಸಂಕಟಕ್ಕೆ ಇನ್ನೊಂದು ಭಾರ ಸೇರುತ್ತದೆ.

ಪೂರ್ಣತೆಯ ಈ ಮಾತಿಗೆ ಒಂದು ಗಟ್ಟಿಯಾದ ಆಕ್ಷೇಪವಿದೆ. ವರ್ಷವಿಡೀ ಚೆನ್ನಾಗಿದ್ದವರಿಗೆ ತಾನೇ ಕೊನೆಯೂ ಚೆನ್ನಾಗಿರುವುದು? ಕಾರಣವೆಂದು ತಿಳಿದದ್ದು ಪರಿಣಾಮವಿರಬಹುದಲ್ಲ? ಆಕ್ಷೇಪ ಅರ್ಧ ಸರಿ. ನೆನಪನ್ನು ಕೇಳಿ ಪಡೆದ ಉತ್ತರಗಳಿಂದ ಅದನ್ನು ಪೂರ್ತಿ ನಿವಾರಿಸಲಾಗದು. ಆದರೆ ಓಟಿಂಗೆನ್ ಇದ್ದ ತಂಡದವರು ಬರಿಯ ನೆನಪನ್ನು ಕೇಳಿ ನಿಲ್ಲಲಿಲ್ಲ. ಮುಕ್ತಾಯದ ಬಗೆಯನ್ನು ತಾವೇ ಬದಲಿಸಿ ಪ್ರಯೋಗಗಳನ್ನೂ ಮಾಡಿದರು. ಕರ್ಟ್ಜ್ ಅವರ ಪ್ರಯೋಗದಲ್ಲೂ ಗುಂಪುಗಳ ನಡುವೆ ಬೇರೆಯಾಗಿದ್ದದ್ದು ಸಮಯವನ್ನು ಕಂಡ ದೃಷ್ಟಿ ಮಾತ್ರ. ಅದೂ ಅಲ್ಲದೆ, ವರ್ಷ ಚೆನ್ನಾಗಿ ಹೋಗದ ಮನೆಗಳಿಗೇ ಪೂರ್ಣಗೊಳಿಸುವ ಮಾತಿನ ಅಗತ್ಯ ಹೆಚ್ಚು.

ಇನ್ನೊಂದು ಆಕ್ಷೇಪ ಈ ಕಾಲದ್ದು. ಕೈಯಲ್ಲಿ ವಾಟ್ಸ್ಆ್ಯಪ್ ಇರುವಾಗ, ವಿಮಾನ ಇಳಿದ ಕೂಡಲೇ ವಿಡಿಯೊ ಕರೆಯಲ್ಲಿ ಮುಖ ಕಾಣುವಾಗ ವಿದಾಯವೆಲ್ಲಿ ಬಂತು? ವಿಡಿಯೊ ಕರೆ ನಂಟನ್ನು ಉಳಿಸುತ್ತದೆ, ಒಪ್ಪೋಣ. ಆದರೆ ಆ ಮನೆಯಲ್ಲಿ ಮಗುವಿಗಿದ್ದ ಸ್ಥಾನವನ್ನು ಅದು ಉಳಿಸದು. ಊಟದ ಮೇಜಿನ ಆ ಕುರ್ಚಿ, ಬಚ್ಚಲಿನ ಲೋಟದಲ್ಲಿ ನಾಲ್ಕನೆಯ ಹಲ್ಲುಜ್ಜುವ ಬ್ರಷ್, ಸಂಜೆ ನಾಯಿಯನ್ನು ತಿರುಗಾಡಿಸುವ ಕೆಲಸ, ಇವೆಲ್ಲ ಅಂದಿಗೆ ಮುಗಿದವು. ಮಾತು ಮತ್ತೆ ಶುರುವಾದೀತು ಎಂಬ ಧೈರ್ಯದಲ್ಲಿ ಆ ಮುಕ್ತಾಯವನ್ನು ಗುರುತಿಸದೆ ಹೋದರೆ, ಕೊನೆಗೊಂಡದ್ದು ಕೊನೆಗೊಂಡಿತೆಂದು ಮನಸ್ಸಿಗೆ ಹೇಳುವವರೇ ಇರುವುದಿಲ್ಲ.

ಹೆಚ್ಚಿನ ಮನೆಗಳಲ್ಲಿ ಈ ಕೆಲಸಕ್ಕೆ ಅಡ್ಡ ಬರುವುದು ಸೂಟ್‌ಕೇಸು. ಅಟ್ಲಾಂಟಿಕ್ ದಾಟುವ ವಿಮಾನಗಳಲ್ಲಿ ಸಾಮಾನ್ಯ ದರ್ಜೆಯವರ ಒಂದು ಪೆಟ್ಟಿಗೆಗೆ ಇರುವ ಮಿತಿ ಸಾಮಾನ್ಯವಾಗಿ 23 ಕಿಲೊ. ವರ್ಷದ ಬಟ್ಟೆ, ಪುಸ್ತಕ, ಉಡುಗೊರೆಗಳು ಅದರಲ್ಲಿ ಹಿಡಿಸುವುದಿಲ್ಲ. ಸ್ನಾನದ ಮನೆಯ ತೂಕದ ಯಂತ್ರದ ಮೇಲೆ ಪೆಟ್ಟಿಗೆ ಇಡುವುದು, ಒಂದು ಜಾಕೆಟ್ ತೆಗೆಯುವುದು, ಮತ್ತೆ ಇಡುವುದು, ಇಷ್ಟರಲ್ಲೇ ಕೊನೆಯ ಮಧ್ಯಾಹ್ನ ಕಳೆದುಹೋಗುತ್ತದೆ. ಮಗುವನ್ನು ಹೊರದೇಶದ ಮನೆಗೆ ಕಳಿಸಿರುವ ಕನ್ನಡದ ತಂದೆತಾಯಿಯರೂ, ಹೊರಗಿನ ಮಗುವನ್ನು ತಮ್ಮ ಮನೆಯಲ್ಲಿ ಇರಿಸಿಕೊಂಡವರೂ ದಯವಿಟ್ಟು ಇಷ್ಟು ಮಾಡಿ: ಪೆಟ್ಟಿಗೆ ಎರಡು ದಿನ ಮೊದಲೇ ಮುಚ್ಚಲಿ, ಹಿಡಿಸದ ವಸ್ತುಗಳನ್ನು ಆಮೇಲೆ ಅಂಚೆಯಲ್ಲಿ ಕಳಿಸಿ, ಕೊನೆಯ ದಿನ ಆ ಮನೆಯವರಿಗೂ ಆ ಮಗುವಿಗೂ ಪೂರ್ತಿ ಸಿಗಲಿ.