ಯಂತ್ರದ ಮೇಲಣ ಹೊರೆ

ಸಂಡೂರಿನ ಬೆಟ್ಟಸಾಲಿನ ದೋಣಿಮಲೈಯಲ್ಲಿ ಎನ್‌ಎಂಡಿಸಿ ಸಂಸ್ಥೆಯ ಕಬ್ಬಿಣದ ಅದಿರಿನ ಗಣಿ 1977ರಲ್ಲಿ ಆರಂಭವಾದಂದಿನಿಂದಲೂ, ಅಗೆದು ತೆಗೆದುದೆಲ್ಲವನ್ನೂ ಹಾಗೆಹಾಗೆಯೇ ರೈಲಿಗೆ ತುಂಬುವ ಪದ್ಧತಿ ಇಲ್ಲ; ಕ್ರಷರಿನಲ್ಲಿ ಒಡೆದು, ಜರಡಿಯಲ್ಲಿ ಗಟ್ಟಿಯನ್ನೂ ಪುಡಿಯನ್ನೂ ಬೇರ್ಪಡಿಸಿ, ಬೇಡದ ಮಣ್ಣುಕಲ್ಲುಗಳನ್ನು ಬೆಟ್ಟದ ಮೇಲೆಯೇ ಬಿಟ್ಟು, ಉಳಿದುದನ್ನಷ್ಟೇ ಕೆಳಗೆ ಕಳುಹಿಸುವುದು ಅಲ್ಲಿಯ ನಿತ್ಯಕ್ರಮ. ಆ ಗಣಿಯ ಆಶ್ರಯದಲ್ಲಿ ಬೆಳೆದ ಮನೆಗಳಿಂದಲೇ ಹೊಸಪೇಟೆ, ಬಳ್ಳಾರಿಗಳ ಎಂಜಿನಿಯರಿಂಗ್ ಕಾಲೇಜುಗಳಿಗೆ ಹೋಗಿ, ಎಐ ಸಹಾಯಕನನ್ನು ಪಕ್ಕಕ್ಕಿಟ್ಟುಕೊಂಡು ಪ್ರೋಗ್ರಾಮ್ ಬರೆಯುವ ತರುಣರು, ಈ ವಿವೇಕವನ್ನು ತಮ್ಮ ಲ್ಯಾಪ್‌ಟಾಪಿಗೆ ಅನ್ವಯಿಸಿಕೊಳ್ಳುವುದು ಮಾತ್ರ ವಿರಳ. ಸಹಾಯಕ ತಡವರಿಸತೊಡಗಿದೊಡನೆ ಅವರ ಬಾಯಿಂದ ಬರುವ ಮೊದಲ ಮಾತು, ಹೊಸ ಯಂತ್ರ ಕೊಡಿಸಿರೆಂಬುದು. ಬಹುಮಟ್ಟಿಗೆ ದೋಷವಿರುವುದು ಯಂತ್ರದಲ್ಲಲ್ಲ, ಅದರ ಮೇಲೆ ನಾವು ಹೇರಿದ ಹೊರೆಯಲ್ಲಿ ಎಂಬುದು ನನ್ನ ಅಭಿಪ್ರಾಯ.

ಆದರೂ ಈ ಸೀಮೆಯಲ್ಲಿ ಯಂತ್ರದ ಪಕ್ಷವಾಗಿ ಹೇಳತಕ್ಕ ಮಾತೊಂದುಂಟು. ಅದು ಕೆಂಪುಧೂಳಿನ ಮಾತು. ಲಾರಿಗಳ ಹಾದಿಯ ಬದಿಯ ಮರದೆಲೆಗಳಿಗೆ ಬಣ್ಣ ಬಳಿಯುವ ಅದೇ ಧೂಳು ಲ್ಯಾಪ್‌ಟಾಪಿನ ಫ್ಯಾನಿನ ಹಿಂದಣ ಸಣ್ಣ ಲೋಹದ ಹಲ್ಲುಗಳ ನಡುವೆ ಕಂಬಳಿಯಂತೆ ಕೂಡುತ್ತದೆ. ಒಳಗಿನ ಪ್ರೊಸೆಸರು, ತನ್ನ ಉಷ್ಣತೆ ನೂರು ಡಿಗ್ರಿಯ ಆಸುಪಾಸಿಗೆ ಬಂದೊಡನೆ, ಆತ್ಮರಕ್ಷಣೆಗಾಗಿ ತಾನಾಗಿಯೇ ವೇಗವನ್ನು ಇಳಿಸಿಕೊಳ್ಳುತ್ತದೆ. ಕಂಪ್ಲಿಯ ಬಯಲಿನಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುವ ಮೇ ತಿಂಗಳ ಮಧ್ಯಾಹ್ನ, ಹಾಸಿಗೆಯ ಮೇಲೆ ಲ್ಯಾಪ್‌ಟಾಪನ್ನಿಟ್ಟು, ಗಾಳಿಯ ಕಿಂಡಿಗಳನ್ನು ಹೊದಿಕೆಯಿಂದ ಮುಚ್ಚಿ, ಇದೇಕೆ ನಿಧಾನವಾಯಿತೆಂದು ಕೇಳುವುದು ನ್ಯಾಯವಲ್ಲ. ಯಂತ್ರವನ್ನು ಆರಿಸಿ, ಫ್ಯಾನು ತಿರುಗದಂತೆ ಕಡ್ಡಿಯಿಂದ ತಡೆಹಿಡಿದು, ಬ್ಲೋವರಿನಿಂದ ಧೂಳು ಹಾರಿಸುವ ಹತ್ತು ನಿಮಿಷದ ಕೆಲಸ, ಈ ಊರುಗಳಲ್ಲಿ ಆಗಾಗ ಆಗಲೇಬೇಕು.

ಇನ್ನು ಸಹಾಯಕನ ವಿಚಾರ. ಇವನಲ್ಲಿ ಎರಡು ಬಗೆ: ದೂರದ ಡೇಟಾ ಸೆಂಟರಿನಲ್ಲಿ ಕುಳಿತು ಅಂತರ್ಜಾಲದ ಮೂಲಕ ಉತ್ತರಿಸುವವನೊಬ್ಬ, ನಮ್ಮ ಯಂತ್ರದೊಳಕ್ಕೇ ಇಳಿದುಬಂದು ನೆಲೆಸುವವನೊಬ್ಬ. ಎರಡನೆಯವನಿಗೆ ದಾರಿ ಸುಗಮವಾದದ್ದು, 2023ರ ಮಾರ್ಚಿನಲ್ಲಿ ಜಾರ್ಜಿ ಗೆರ್ಗಾನೊವ್ ಎಂಬ ಬಲ್ಗೇರಿಯದ ತಂತ್ರಜ್ಞನು ಲಾಮಾ ಸಿಪಿಪಿ ಎಂಬ ತಂತ್ರಾಂಶವನ್ನು ಹೊರತಂದ ಮೇಲೆ. ಈ ಒಳಗಣ ಸಹಾಯಕನ ವೇಗದ ಗಣಿತ ಅತ್ಯಂತ ಸರಳ. ಏಳುನೂರು ಕೋಟಿ ಅಂಕಗಳಿಂದಾದ ಭಾಷಾಮಾದರಿಯೊಂದು (ಸಹಾಯಕನ ಮಿದುಳೆನ್ನಿ), ಅಂಕಕ್ಕೆ ಹದಿನಾರು ಬಿಟ್ಟಿನಂತೆ, 14 ಜಿಬಿ ಸ್ಥಳ ಬೇಡುತ್ತದೆ. ಅದನ್ನು ನಾಲ್ಕು ಬಿಟ್ಟಿಗೆ ಇಳಿಸಿದರೆ ಹೆಚ್ಚುಕಡಿಮೆ 4 ಜಿಬಿಗೆ ಬರುತ್ತದೆ, ಜಾಣತನದಲ್ಲಿ ತುಸು ಮಾತ್ರ ಕೊರೆಯಾಗುತ್ತದೆ. ಉತ್ತರದ ಪ್ರತಿಯೊಂದು ಪದಖಂಡವನ್ನು (ಟೋಕನನ್ನು) ಹೊರಡಿಸುವಾಗಲೂ ಈ ನಾಲ್ಕು ಜಿಬಿಯನ್ನು ಆದ್ಯಂತ ಓದಬೇಕು. ಸಾಮಾನ್ಯ ಲ್ಯಾಪ್‌ಟಾಪಿನ ಡಿಡಿಆರ್4 ರ್‍ಯಾಮ್ ಜೋಡಿಯಾಗಿದ್ದರೆ ಸೆಕೆಂಡಿಗೆ ಸುಮಾರು 50 ಜಿಬಿ ಓದೀತು; ಎಂದರೆ ಹನ್ನೆರಡು ಪದಖಂಡಗಳೇ ಪರಮಾವಧಿ. ಅಗ್ಗಕ್ಕೆ ಸಿಕ್ಕಿತೆಂದು ಅಂಗಡಿಯವನು ಒಂದೇ ಪಟ್ಟಿಯನ್ನು ಕೂರಿಸಿಕೊಟ್ಟಿದ್ದರೆ ಅದು ಅರ್ಧಕ್ಕೆ ಇಳಿಯುತ್ತದೆ. ಎಂಟು ಜಿಬಿಯ ಯಂತ್ರದಲ್ಲಿ ವಿಂಡೋಸೂ ಮೂವತ್ತು ಟ್ಯಾಬುಗಳ ಬ್ರೌಸರೂ ಆಗಲೇ ಜಾಗ ಹಿಡಿದು, ಮಾದರಿ ರ್‍ಯಾಮಿನಿಂದ ಹೊರಚೆಲ್ಲಿ ಹಳೆಯ ಹಾರ್ಡ್ ಡಿಸ್ಕಿಗೆ ಬಿದ್ದಿತೆನ್ನಿ: ಸೆಕೆಂಡಿಗೆ 100 ಎಂಬಿ ಓದುವ ಆ ಡಿಸ್ಕಿಗೆ 4 ಜಿಬಿ ಓದಲು ನಲವತ್ತು ಸೆಕೆಂಡು ಹಿಡಿಯುತ್ತದೆ, ಅದೂ ಒಂದೊಂದು ಪದಖಂಡಕ್ಕೆ! ಟ್ಯಾಬುಗಳನ್ನು ಮುಚ್ಚುವುದೂ, ಇನ್ನೊಂದು ರ್‍ಯಾಮ್ ಪಟ್ಟಿ ಹಾಕಿಸುವುದೂ, ಇಲ್ಲವೇ ಚಿಕ್ಕ ಮಾದರಿಗೆ ಇಳಿಯುವುದೂ ಇಲ್ಲಿಯ ಪರಿಹಾರಗಳು. ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿಯ ಅಂಕ ಶೇಕಡ ತೊಂಬತ್ತರ ಮೇಲೆ ನಿಂತಿರುವಾಗ ಬೇರಾವ ಚಿಕಿತ್ಸೆಯೂ ವ್ಯರ್ಥ.

ದೂರದ ಸಹಾಯಕನಿಗೆ ನಮ್ಮ ರ್‍ಯಾಮಿನ ಬಡತನ ಅಷ್ಟಾಗಿ ತಟ್ಟದು. ಅವನನ್ನು ಕುಗ್ಗಿಸುವುದು ನಮ್ಮ ವಾಚಾಳತ್ವ. ನಾವು ಹೊಸದಾಗಿ ಒಂದು ಸಾಲು ಕೇಳಿದಾಗಲೂ, ಬೆಳಗಿನಿಂದ ನಡೆದ ಸಂಭಾಷಣೆಯೆಲ್ಲವೂ, ಅವನು ತೆರೆದು ನೋಡಿದ ಕಡತಗಳ ಸಮೇತ, ಮತ್ತೊಮ್ಮೆ ಅವನ ಮುಂದೆ ಹಾಯಬೇಕು. 2017ರಲ್ಲಿ ಗೂಗಲ್ ಸಂಶೋಧಕರು ಪ್ರಕಟಿಸಿದ ಟ್ರಾನ್ಸ್‌ಫಾರ್ಮರ್ ವಿನ್ಯಾಸದಲ್ಲಿ ಪ್ರತಿ ಪದಖಂಡವೂ ತನ್ನ ಹಿಂದಿನವೆಲ್ಲದರೊಡನೆ ಸಂಬಂಧವನ್ನು ಅಳೆದುಕೊಳ್ಳುವುದರಿಂದ, ಪಠ್ಯ ಇಮ್ಮಡಿಯಾದರೆ ಆ ಅಳತೆಯ ಶ್ರಮ ನಾಲ್ಮಡಿಯಾಗುತ್ತದೆ. ಈಗಾಗಲೇ ಓದಿದ ಪೂರ್ವಭಾಗವನ್ನು ನೆನಪಿನಲ್ಲಿಟ್ಟು ಮರುಬಳಸುವ ಉಪಾಯವನ್ನು ಈ ಸೇವೆ ನೀಡುವವರು ಕಂಡುಕೊಂಡಿರುವರಾದರೂ, ಆ ಪೂರ್ವಭಾಗದ ಮೊದಲಲ್ಲೇ ಒಂದಕ್ಷರ ಬದಲಾದರೆ ಮುಂದಿನದನ್ನೆಲ್ಲ ಮತ್ತೆ ಓದಬೇಕಾದೀತು. ಆದುದರಿಂದ, ಆ ಮೊದಲಲ್ಲೇ ಸೇರುವ, ಸಹಾಯಕನಿಗೆ ಕೊಟ್ಟ ಸೂಚನೆಗಳ ಕಡತವನ್ನು ನಡುನಡುವೆ ತಿದ್ದುತ್ತಿರುವ ಚಾಪಲ್ಯ ಕೂಡದು. ಒಂದು ಕೆಲಸ ಮುಗಿದಾಗ ಹೊಸ ಸಂಭಾಷಣೆ ತೆರೆಯಬೇಕು. ಕ್ಲಾಡ್ ಕೋಡ್ ಎಂಬ ಸಹಾಯಕನಲ್ಲಿ ಇದಕ್ಕೆ ಕ್ಲಿಯರ್ ಎಂಬ ಆಜ್ಞೆಯೂ, ಹಿಂದಿನದನ್ನು ಸಂಕ್ಷೇಪಿಸಿ ಮುಂದುವರಿಯಲು ಕಾಂಪ್ಯಾಕ್ಟ್ ಎಂಬ ಆಜ್ಞೆಯೂ ಉಂಟು.

ಜರಡಿಯ ನಿಜವಾದ ಪ್ರಯೋಜನ ಕಾಣುವುದು ಪ್ರಾಜೆಕ್ಟಿನ ಫೋಲ್ಡರಿನಲ್ಲಿ. ಪುಟ್ಟದೊಂದು ಜಾಲತಾಣ ಕಟ್ಟುವ ವಿದ್ಯಾರ್ಥಿ ತಾನೇ ಬರೆದ ಕಡತಗಳು ಇಪ್ಪತ್ತೇ ಇರಲಿ, ನೋಡ್ ಮಾಡ್ಯೂಲ್ಸ್ ಎಂಬ ಫೋಲ್ಡರಿನಲ್ಲಿ ಪರರು ಬರೆದ ಕಡತಗಳು ಸಾವಿರಗಟ್ಟಲೆ ಬಂದು ಬಿದ್ದಿರುತ್ತವೆ. ಎಡಿಟರು ಹಲವೊಮ್ಮೆ ಅವನ್ನೂ ತನ್ನ ಸೂಚಿಗೆ ಸೇರಿಸುತ್ತದೆ, ಆಂಟಿವೈರಸ್ ಒಂದೊಂದನ್ನೂ ತಡವಿ ನೋಡುತ್ತದೆ. ಗಿಟ್ ಇಗ್ನೋರ್ ಕಡತದಲ್ಲಿಯೂ ಎಡಿಟರಿನ ಹೊರಗಿಡುವ ಪಟ್ಟಿಯಲ್ಲಿಯೂ ಆ ಫೋಲ್ಡರಿನ ಹೆಸರನ್ನು ಬರೆದರೆ, ಹೊಸ ಯಂತ್ರದಿಂದಾಗದ ಉಪಕಾರ ಎರಡು ಸಾಲಿನಿಂದ ಆಗುತ್ತದೆ. ಆಂಟಿವೈರಸ್ಸಿಗೆ ಮಾತ್ರ ಹೀಗೆ ರಜೆ ಕೊಡುವ ಮೊದಲು ವಿಚಾರಮಾಡತಕ್ಕದ್ದು. ಕೇಡು ಒಳನುಗ್ಗುವ ಬಾಗಿಲೂ ಅದೇ ಫೋಲ್ಡರು.

ಕನ್ನಡದಲ್ಲಿ ಕೇಳಿದರೆ ಸಹಾಯಕ ನಿಧಾನವಾಗುವನೆ ಎಂಬ ಪ್ರಶ್ನೆಗೆ, ಸ್ವಲ್ಪಮಟ್ಟಿಗೆ ಹೌದೆನ್ನಬೇಕು. ಸಂಡೂರು ಎಂಬ ಹೆಸರು ಇಂಗ್ಲಿಷ್ ಲಿಪಿಯಲ್ಲಿ ಆರು ಬೈಟು, ನಮ್ಮ ಲಿಪಿಯಲ್ಲಿ ಹದಿನೆಂಟು. ಹೆಚ್ಚಾಗಿ ಇಂಗ್ಲಿಷನ್ನೇ ಓದಿ ಬೆಳೆದ ಮಾದರಿಗಳು ಕನ್ನಡದ ಪದವನ್ನು ಹೆಚ್ಚು ಚೂರುಗಳಾಗಿ ಒಡೆಯುತ್ತವೆ. ಹಾಗೆಂದು ತಿಳಿಯದ ಭಾಷೆಯಲ್ಲಿ ತಡಕಾಡಿ ಅಸ್ಪಷ್ಟವಾಗಿ ಕೇಳಿ, ತಪ್ಪು ಉತ್ತರ ಪಡೆದು, ಮತ್ತೆ ಮೂರು ಬಾರಿ ಕೇಳುವುದರಲ್ಲಿ ಯಾವ ಉಳಿತಾಯವೂ ಇಲ್ಲ. ಪ್ರಶ್ನೆ ಕನ್ನಡದಲ್ಲಿಯೇ ಇರಲಿ. ಅದರೊಡನೆ ಕಡತದ ಹೆಸರು, ತಪ್ಪು ಕಂಡ ಸಾಲಿನ ಸಂಖ್ಯೆ, ಮತ್ತು ಪರದೆಯ ಮೇಲೆ ಹರಿದ ಐನೂರು ಸಾಲುಗಳ ಬದಲಾಗಿ ದೋಷವನ್ನು ಹೇಳುವ ಕೊನೆಯ ಹತ್ತು ಸಾಲು ಹೋದರೆ ಸಾಕು.