ರಕ್ತದೊತ್ತಡದ ಗುಳಿಗೆಯೂ ಮೈನೋವೂ

ರಕ್ತದೊತ್ತಡಕ್ಕೆ ಗುಳಿಗೆ ಆರಂಭಿಸಿದ ಬಳಿಕ ಮೈನೋವು ಹೆಚ್ಚಿತೆಂದು ಅಥಣಿ ರಸ್ತೆಯ ಊರುಗಳ ಸದ್ಭಕ್ತರು ಹೇಳುವುದುಂಟು. ಈ ಮಾತನ್ನು ಬರಿಯ ಭ್ರಮೆಯೆಂದು ನಾವು ತಳ್ಳಿಹಾಕಲಾರೆವು. ಒತ್ತಡ ಏರಿದವರಲ್ಲಿ ನೋವಿನ ಅರಿವು ತುಸು ಮಂದವಾಗಿರುವುದನ್ನು ವೈದ್ಯಶಾಸ್ತ್ರವು ಬಹುಕಾಲದಿಂದ ಗಮನಿಸಿದೆ. ಒತ್ತಡ ಇಳಿದೊಡನೆ ಆ ಅರಿವು ಮರಳುವುದೆಂಬುದು ಊಹೆಯೇ ಹೊರತು ಸಿದ್ಧವಾದ ಮಾತಲ್ಲ.

ಎನಲಾಪ್ರಿಲ್, ರಾಮಿಪ್ರಿಲ್ ಗುಳಿಗೆಗಳು ಬ್ರಾಡಿಕೈನಿನ್ ಎಂಬ ದ್ರವ್ಯವು ಮೈಯಲ್ಲಿ ಕರಗಿಹೋಗದಂತೆ ತಡೆಯುತ್ತವೆ. ನೋವಿನ ನರಗಳನ್ನು ಕೆರಳಿಸುವ ದ್ರವ್ಯವೂ ಅದೇ. (1949ರಲ್ಲಿ ಬ್ರೆಜಿಲ್ಲಿನ ಒಂದು ಹಾವಿನ ವಿಷವನ್ನು ಪರೀಕ್ಷಿಸುವಾಗ ಅದು ಬೆಳಕಿಗೆ ಬಂದಿತು, ಈ ಬಗೆಯ ಗುಳಿಗೆಗಳ ಮೂಲವೂ ಆ ಹಾವಿನ ವಿಷವೇ!) ಆದುದರಿಂದ ನಂಟು ಅಸಂಭವವಲ್ಲ, ಸಾಧಿತವೂ ಅಲ್ಲ. ಅಮ್ಲೋಡಿಪಿನ್‌ನಿಂದ ಕಾಲು ಬಾತು ಭಾರವಾಗುವುದು ಮಾತ್ರ ಸಾಮಾನ್ಯ. ಅದನ್ನೇ ಹಲವರು ನೋವೆನ್ನುತ್ತಾರೆ.

ನಮ್ಮ ಆತಂಕ ಬೇರೆಯೇ. ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ತೋಟಗಳ ಕಾಯಕದಲ್ಲಿ ಮೊಣಕಾಲು ಸವೆದವರು ಒತ್ತಡದ ಗುಳಿಗೆ ಬಿಟ್ಟು, ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ನುಂಗುತ್ತಾರೆ. ಅದು ಒತ್ತಡವನ್ನು ಏರಿಸುತ್ತದೆ. ಎನಲಾಪ್ರಿಲ್ ಹಾಗೂ ಮೂತ್ರ ಹೆಚ್ಚಿಸುವ ಗುಳಿಗೆಯೊಡನೆ ಸೇರಿದರೆ ಮೂತ್ರಪಿಂಡಕ್ಕೇ ಪೆಟ್ಟು. ಗುಳಿಗೆಯನ್ನು ತಾವಾಗಿ ನಿಲ್ಲಿಸದೆ, ನೋವು ಎಂದಿನಿಂದ ಶುರುವಾಯಿತೆಂದು ಬರೆದಿಟ್ಟು ವೈದ್ಯರಿಗೆ ತೋರಿಸಬೇಕು. ಬದಲಿ ಔಷಧಿಗಳು ಹಲವಿವೆ.