ಗಂಟು ಊದಿದೆಯೇ? ಕರುವಿನ ಹೊಕ್ಕುಳು ನೋಡಿ

ಹುಟ್ಟಿದ ವಾರ, ಎರಡು ವಾರಕ್ಕೆ ಕರು ಕುಂಟಿದರೆ ‘ದನ ತುಳಿದಿರಬೇಕು’ ಅಂತ ಎಣ್ಣೆ ತಿಕ್ಕುವವರೇ ಜಾಸ್ತಿ. ಆದರೆ ಕಾಲಿನ ಗಂಟು ಊದಿ, ಮುಟ್ಟಿದರೆ ಬಿಸಿಯಾಗಿದ್ದು, ಕರು ಹಾಲನ್ನೂ ಬಿಟ್ಟಿದ್ದರೆ ಅದು ತುಳಿತ ಅಲ್ಲದಿರಬಹುದು. ಹೊಕ್ಕುಳು ಮುಟ್ಟಿ ನೋಡಿ. ದಪ್ಪಗಾಗಿ ನೋವಿದೆಯೇ? ಹಸಿ ಹೊಕ್ಕುಳು ಸಗಣಿ, ಗಂಜಲಕ್ಕೆ ತಾಗಿದಾಗ ಒಳಹೊಕ್ಕ ರೋಗಾಣು ರಕ್ತದ ಮೂಲಕ ಗಂಟಿಗೆ ಹೋಗಿ ಕೀವು ಮಾಡುತ್ತದೆ.

ಇದನ್ನು ತಡೆಯೋದು ಕಷ್ಟವಲ್ಲ. ಕರು ಹಾಕುವ ಜಾಗಕ್ಕೆ ಒಣ ಹುಲ್ಲು ಹಾಸಿ. ಹೊಕ್ಕುಳ ಬಳ್ಳಿಯನ್ನು ಹೊಟ್ಟೆಯಿಂದ 2 ಇಂಚು ಬಿಟ್ಟು ಕುದಿಸಿದ ದಾರದಲ್ಲಿ ಕಟ್ಟಿ, ಅದರ ಕೆಳಗೆ ಕುದಿಸಿದ ಕತ್ತರಿಯಿಂದ ಕತ್ತರಿಸಿ. ಟಿಂಚರ್ ಅಯೋಡಿನ್‌ನಲ್ಲಿ ಅದ್ದಿ. ಒಣಗುವ ತನಕ ದಿನವೂ ಹಚ್ಚಿ. ‘ಕಸ ಬೀಳಲಿ’ ಅಂತ ಕಾಯದೆ ಒಂದೆರಡು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಿ. 25 ಕಿಲೋ ಕರುವಿಗೆ ಮೊದಲ ದಿನ ಎರಡು ಮೂರು ಸಲಕ್ಕೆ ಒಟ್ಟು 2.5 ಲೀಟರಾದರೂ ಬೇಕು. ರೋಗ ತಡೆಯುವ ಶಕ್ತಿ ಅದಕ್ಕೆ ಬರೋದು ಆ ಹಾಲಿನಿಂದಲೇ.

ಊದಿದ ಗಂಟಿಗೆ ಬರೆ ಹಾಕುವುದು, ಚುಚ್ಚಿ ಕೀವು ತೆಗೆಯುವುದು ಬೇಡ. ಅದೇ ದಿನ ಪಶುವೈದ್ಯರನ್ನು ಕರೆಸಿ. ಕುಂಟು ಕಡಿಮೆಯಾಯ್ತೆಂದು ಇಂಜೆಕ್ಷನ್ ನಡುವೆ ನಿಲ್ಲಿಸಬೇಡಿ. ತಡವಾದರೆ ಗಂಟು ಒಳಗೇ ಹಾಳಾಗಿ ಕಾಲು ಮಡಚದು. ಅಂಥ ಹೋರಿ ನೊಗಕ್ಕೆ ಬಾರದು, ಅಂಥ ಹೆಣ್ಣುಗರು ಮೇಯಲು ಗುಡ್ಡ ಹತ್ತದು.